ವಾಕ್ಯ ಜೋಡಣೆ: ರಾಯಚೂರು ಸೀಮೆಯ ಮಕ್ಕಳ ಇಂಗ್ಲಿಷ್ ಕಲಿಕೆಯಲ್ಲಿ

ಎರಡು ಬಿಡಿ ವಾಕ್ಯಗಳ ನಡುವೆ ಸಣ್ಣದೊಂದು ಪದವಿಟ್ಟು ಅವನ್ನು ಒಂದಾಗಿಸುವುದಕ್ಕೆ ವಾಕ್ಯ ಜೋಡಣೆ ಎನ್ನುತ್ತಾರೆ. ಇಂಗ್ಲಿಷ್ ಕಲಿಯಲು ತೊಡಗಿದ ಮಗುವಿಗೆ ಈ ಕೆಲಸದ ಬಹುಪಾಲು ‘ಆ್ಯಂಡ್’, ‘ಬಟ್’, ‘ಸೋ’, ‘ಬಿಕಾಸ್’, ‘ಆರ್’ ಎಂಬ ಐದೇ ಪದಗಳಲ್ಲಿ ಮುಗಿಯುತ್ತದೆ. ಐದು ಪದಗಳನ್ನು ಬಾಯಿಪಾಠ ಮಾಡಿಸಲು ಒಂದು ವಾರ ಸಾಕು. ಆದರೂ ಅವು ಮಕ್ಕಳ ಮಾತಿಗೂ ಬರವಣಿಗೆಗೂ ಇಳಿಯಲು ವರ್ಷಗಳು ಹಿಡಿಯುತ್ತವೆ, ಹಲವರಲ್ಲಿ ಪ್ರೌಢಶಾಲೆ ಮುಗಿದರೂ ಇಳಿಯುವುದಿಲ್ಲ. ತೊಡಕು ಪದಗಳಲ್ಲಿಲ್ಲ. ಕನ್ನಡವಾಗಲಿ ಅದರ ನೆರೆಯ ಭಾಷೆಗಳಾಗಲಿ ವಾಕ್ಯಗಳನ್ನು ಜೋಡಿಸುವ ಬಗೆಯೇ ಬೇರೆ, ಇಂಗ್ಲಿಷಿನ ಬಗೆಯೇ ಬೇರೆ. ಈ ವ್ಯತ್ಯಾಸವನ್ನು ಮಗುವಿನ ಮನೆಮಾತಿನಲ್ಲೇ ಬಿಡಿಸಿ ತೋರಿಸದೆ, ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಅಭ್ಯಾಸದಿಂದಲೇ ಕಲಿಸಲು ಹೊರಟರೆ ಮಗು ಪದವನ್ನು ಕಲಿಯುತ್ತದೆ, ಜೋಡಣೆಯನ್ನು ಕಲಿಯುವುದಿಲ್ಲ ಎಂಬುದು ಈ ಲೇಖನದ ವಾದ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಶಾಲೆಗಳು ಈ ವಾದವನ್ನು ಒರೆಗೆ ಹಚ್ಚಲು ತಕ್ಕ ಜಾಗ. ಒಂದೇ ತರಗತಿಯಲ್ಲಿ ಮೂರು ನಾಲ್ಕು ಮನೆಮಾತುಗಳು ಕೂಡುವ ಸೀಮೆ ಅದು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು. 1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡ ಶಾಲೆಯ ಭಾಷೆಯಾಯಿತು. ಅಂದರೆ ಹಳೆಯ ಮೈಸೂರಿನ ಊರುಗಳಂತೆ ಇಲ್ಲಿ ಇಂಗ್ಲಿಷಿಗೆ ಉದ್ದದ ಹಿನ್ನೆಲೆಯಿಲ್ಲ. ಅಜ್ಜ ಉರ್ದು ಅರ್ಜಿ ಬರೆಸಿದ, ಅಪ್ಪ ಕನ್ನಡ ಶಾಲೆಗೆ ಹೋದ, ಮಗಳು ಇಂಗ್ಲಿಷ್ ಅಕ್ಷರ ತಿದ್ದುತ್ತಿದ್ದಾಳೆ ಎಂಬಂಥ ಕುಟುಂಬಗಳು ಇಲ್ಲಿ ಅಪರೂಪವಲ್ಲ. ರಾಯಚೂರು ನಗರ ತೆಲಂಗಾಣ ಮತ್ತು ಆಂಧ್ರದ ಗಡಿಗೆ ಅಂಟಿಕೊಂಡಂತಿದೆ. ಗದ್ವಾಲ, ಮಂತ್ರಾಲಯ, ಆದೋನಿಗಳ ಜೊತೆ ದಿನದ ಒಡನಾಟವಿದೆ. ಹೀಗಾಗಿ ನಗರದ ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳುತ್ತವೆ. ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ನೆಲೆಸಿದ ‘ಕ್ಯಾಂಪ್’ಗಳಲ್ಲಿ ಮನೆಮಾತು ತೆಲುಗು. ದೇವದುರ್ಗದ ತಾಂಡಾಗಳಲ್ಲಿ ಲಂಬಾಣಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56. ಓದಲು ಬರೆಯಲು ಕಲಿತ ಮೊದಲ ತಲೆಮಾರು ತಾವೇ ಆಗಿರುವ ಮಕ್ಕಳು ಇಲ್ಲಿನ ತರಗತಿಗಳಲ್ಲಿ ಗಣನೀಯವಾಗಿ ಇದ್ದಾರೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಮನೆಯಲ್ಲಿ ಇಂಗ್ಲಿಷ್ ತಿದ್ದಿ ಹೇಳುವವರಿಲ್ಲ. ಶಾಲೆ ಕಲಿಸಿದ್ದಷ್ಟೇ ಕಲಿಕೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ 5ನೇ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷ್ 2007-08ರಿಂದ 1ನೇ ತರಗತಿಗೇ ಬಂತು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಹತ್ತು ಹನ್ನೆರಡು ವರ್ಷಗಳಲ್ಲಿ ಆದ ಈ ಎರಡು ಬದಲಾವಣೆಗಳು ಕಲಿಸುವ ವಯಸ್ಸನ್ನು ಕೆಳಕ್ಕೆ ತಂದವು. ಕಲಿಸುವ ಬಗೆಯನ್ನು ಅಷ್ಟೇ ವೇಗವಾಗಿ ಬದಲಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಗಣಿತ, ಪರಿಸರ ಕಲಿಸುವ ಶಿಕ್ಷಕಿಯೇ ಇಂಗ್ಲಿಷನ್ನೂ ಕಲಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇದನ್ನು ಕೊರತೆಯೆಂದು ಹೇಳುವುದು ರೂಢಿಯಾಗಿದೆ. ವಾಕ್ಯ ಜೋಡಣೆಯ ಮಟ್ಟಿಗೆ ಇದು ಕೊರತೆಯಲ್ಲ. ಬೆಳಿಗ್ಗೆ ಕನ್ನಡ ಪಾಠದಲ್ಲಿ ‘ಹೋಗಿ’, ‘ಬಂದು’ಗಳನ್ನು ಓದಿಸಿದವರೇ ಮಧ್ಯಾಹ್ನ ಅದೇ ಮಕ್ಕಳಿಗೆ ‘ಆ್ಯಂಡ್’ ಹೇಳಿಕೊಡುತ್ತಾರೆ ಎಂದರೆ ಎರಡರ ನಡುವಿನ ಸೇತುವೆ ಒಬ್ಬರ ಕೈಯಲ್ಲೇ ಇದೆ. ಇಂಥ ಅನುಕೂಲ ವಿಷಯಕ್ಕೊಬ್ಬರು ಶಿಕ್ಷಕರಿರುವ ದೊಡ್ಡ ಶಾಲೆಗಳಿಗೆ ಇಲ್ಲ.

ಈಗ ಜೋಡಣೆಯ ಒಳಗುಟ್ಟಿಗೆ ಬರೋಣ. ‘ರವಿ ಮನೆಗೆ ಬಂದ’, ‘ರವಿ ಉಂಡ’ ಎಂಬ ಎರಡು ವಾಕ್ಯಗಳನ್ನು ಕೂಡಿಸು ಎಂದರೆ ಕನ್ನಡದ ಮಗು ‘ರವಿ ಮನೆಗೆ ಬಂದು ಉಂಡ’ ಎನ್ನುತ್ತದೆ. ಕೂಡಿಸಲು ಅದು ಹೊಸ ಪದವನ್ನು ತರಲಿಲ್ಲ. ‘ಬಂದ’ ಎಂಬ ಕ್ರಿಯಾಪದವನ್ನು ‘ಬಂದು’ ಎಂದು ತಿರುಗಿಸಿತು, ಅಷ್ಟೆ. ಹಳೆಯ ವ್ಯಾಕರಣಗಳು ಕೃದಂತಾವ್ಯಯ ಎನ್ನುವ ಈ ರೂಪ ಕನ್ನಡ ಮಾತಿನ ಬೆನ್ನೆಲುಬು. ‘ಅವ್ವ ಹೊಲಕ್ಕ ಹೋಗಿ, ಹತ್ತಿ ಬಿಡಿಸಿ, ಮನಿಗೆ ಬಂದು, ರೊಟ್ಟಿ ಮಾಡಿದ್ಲು’ ಎಂದು ನಾಲ್ಕು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು, ನಡುವೆ ಒಂದೂ ‘ಮತ್ತು’ ಬೇಡ. ವಾಕ್ಯಗಳ ನಡುವೆ ‘ಮತ್ತು’ ಇಡುವುದು ಹೆಚ್ಚಾಗಿ ಅನುವಾದದ ಕನ್ನಡದಲ್ಲಿ. ಊರಿನ ಮಾತಿನಲ್ಲಿ ಅದು ತೀರಾ ವಿರಳ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಸುಮ್ಮನಲ್ಲ. ಇಂಗ್ಲಿಷಿನ ಅಥವಾ ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ನೋಡಿದರೆ ‘ಮತ್ತು’ವೇ ಕನ್ನಡದ ಜೋಡುಪದ ಎನಿಸುತ್ತದೆ. ಮಗುವಿನ ಬಾಯಿಗೆ ಕಿವಿಗೊಟ್ಟರೆ ಹಾಗೆನಿಸುವುದಿಲ್ಲ. ‘ಆ್ಯಂಡ್ ಎಂದರೆ ಮತ್ತು’ ಎಂದು ಕರಿಹಲಗೆಯ ಮೇಲೆ ಬರೆದ ಶಿಕ್ಷಕಿ ತಪ್ಪನ್ನೇನೂ ಹೇಳಲಿಲ್ಲ, ಆದರೆ ಮಗು ದಿನವೂ ಬಳಸದ ಪದವೊಂದನ್ನು ಮಗು ಎಂದೂ ಕೇಳದ ಪದಕ್ಕೆ ಗಂಟು ಹಾಕಿದರು. ‘ಬಂದು’ವಿನಿಂದ ಶುರುಮಾಡಿದ್ದರೆ ಗಂಟು ಬಿಗಿಯಾಗುತ್ತಿತ್ತು.

‘ಬಂದು’ವಿನಿಂದ ಶುರುಮಾಡಿದರೆ ಮಕ್ಕಳ ಒಂದು ದೊಡ್ಡ ತಪ್ಪಿನ ಬೇರೂ ಕಾಣುತ್ತದೆ. ‘ರವಿ ಮನೆಗೆ ಬಂದು ಉಂಡ’ ಎಂಬಲ್ಲಿ ಕಾಲವನ್ನು ಹೇಳುವ ಹೊಣೆ ಕೊನೆಯ ಕ್ರಿಯಾಪದದ್ದು ಮಾತ್ರ. ‘ಬಂದು ಉಂಡ’, ‘ಬಂದು ಉಣ್ಣುತ್ತಾನೆ’: ‘ಬಂದು’ ಎರಡರಲ್ಲೂ ಒಂದೇ. ಇಂಗ್ಲಿಷ್ ಹಾಗಲ್ಲ. ಅಲ್ಲಿ ‘ಆ್ಯಂಡ್’ನ ಎರಡೂ ಬದಿಯ ಕ್ರಿಯಾಪದಗಳು ಕಾಲವನ್ನು ಹೊರಬೇಕು. ಮಗು ‘ರವಿ ಕಮ್ ಹೋಮ್ ಆ್ಯಂಡ್ ಏಟ್’ ಎಂದು ಬರೆದಾಗ ಅದಕ್ಕೆ ಭೂತಕಾಲ ಗೊತ್ತಿಲ್ಲವೆಂದು ಶಿಕ್ಷಕರು ತಿಳಿಯುತ್ತಾರೆ. ಮತ್ತೆ ‘ಕಮ್, ಕೇಮ್’ ಪಟ್ಟಿ ಬರೆಸುತ್ತಾರೆ. ಮಗುವಿಗೆ ‘ಕೇಮ್’ ಗೊತ್ತಿದೆ, ‘ಏಟ್’ ಎಂದು ಸರಿಯಾಗಿ ಬರೆದದ್ದೇ ಅದಕ್ಕೆ ಸಾಕ್ಷಿ. ಅದು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ: ಕಾಲ ಕೊನೆಯಲ್ಲಿದ್ದರೆ ಸಾಕು. ಈ ತಪ್ಪಿಗೆ ಮದ್ದು ಪಟ್ಟಿಯಲ್ಲ, ಒಂದು ಮಾತು: ‘ಕನ್ನಡದಾಗ ಬಂದು ಅಂದ್ರ ಸಾಕು, ಇಂಗ್ಲಿಷ್‌ನಾಗ ಬಂದ ಅಂತಾನೂ ಹೇಳಬೇಕು, ಉಂಡ ಅಂತಾನೂ ಹೇಳಬೇಕು.’ ಕಲಿಯುವವರ ತಪ್ಪು ಅಜ್ಞಾನದ ಗುರುತಲ್ಲ, ಒಳಗೆ ಕೆಲಸ ಮಾಡುತ್ತಿರುವ ನಿಯಮದ ಗುರುತು ಎಂದು ಪಿಟ್ ಕಾರ್ಡರ್ 1967ರಲ್ಲೇ ಬರೆದರು. ಆ ಮಾತಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ಇನ್ನೂ ಆಳದ ವಿಷಯವೊಂದಿದೆ. ‘ಹೆದರಿ ಓಡಿದ’ ಎಂಬಲ್ಲಿ ‘ಹೆದರಿ’ ಕಾರಣ. ‘ಎದ್ದು ಹೋದ’ ಎಂಬಲ್ಲಿ ‘ಎದ್ದು’ ಬರಿಯ ಮೊದಲ ಕೆಲಸ. ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಲ್ಲಿ ಮಳೆಯೇ ಹಾಳುಮಾಡಿದ್ದು. ರೂಪ ಒಂದೇ, ಸಂಬಂಧಗಳು ಬೇರೆ ಬೇರೆ. ಯಾವ ಸಂಬಂಧ ಎಂಬುದನ್ನು ಕನ್ನಡ ಕೇಳುವವರ ತಿಳಿವಳಿಕೆಗೆ ಬಿಡುತ್ತದೆ. ಇಂಗ್ಲಿಷ್ ಅದನ್ನು ಹೇಳುವವರ ಬಾಯಿಂದಲೇ ಬಿಡಿಸುತ್ತದೆ. ಎದ್ದು ಹೋದವನಿಗೆ ‘ಆ್ಯಂಡ್’ ಸಾಕು, ಹೆದರಿ ಓಡಿದವನಿಗೆ ‘ಸೋ’ ಬೇಕು. ಅಂದರೆ ಜೋಡುಪದ ಕಲಿಯುವುದೆಂದರೆ ಎರಡು ಘಟನೆಗಳ ನಡುವೆ ಏನು ನಂಟಿದೆ ಎಂದು ನಿಂತು ಕೇಳಿಕೊಳ್ಳುವುದನ್ನು ಕಲಿಯುವುದು. ಈ ಕೇಳಿಕೆ ಆಲೋಚನೆಯ ಕೆಲಸ. ಎಂಟು ವರ್ಷದ ಮಗು ಆಲೋಚಿಸಬಲ್ಲ ಭಾಷೆಯಲ್ಲೇ ಅದು ನಡೆಯಬೇಕು. ಬಿಟ್ಟ ಸ್ಥಳದಲ್ಲಿ ‘ಸೋ’ ಬರೆದು ಅಂಕ ಪಡೆದ ಮಗು ಈ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯುವುದಿಲ್ಲ. ಐದರಲ್ಲೊಂದನ್ನು ಆರಿಸುವುದು ಊಹೆಯಿಂದಲೂ ಆಗುತ್ತದೆ.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಮನೆಮಾತಿನಲ್ಲಿ ಬಿಡಿಸಿ ಹೇಳಬೇಕೆಂದರೆ ಯಾರ ಮನೆಮಾತು? ರಾಯಚೂರಿನ ತರಗತಿಯಲ್ಲಿ ಕನ್ನಡದ ಮಗುವಿನ ಪಕ್ಕದಲ್ಲಿ ಉರ್ದುವಿನ ಮಗು, ಅದರ ಪಕ್ಕದಲ್ಲಿ ತೆಲುಗಿನದು. ಮೂವರಿಗೂ ಸಲ್ಲುವ ಒಂದು ವಿವರಣೆ ಇರಲು ಸಾಧ್ಯವೇ? ಮೇಲ್ನೋಟಕ್ಕೆ ಈ ಆಕ್ಷೇಪ ಗಟ್ಟಿ. ಆದರೆ ಜೋಡಣೆಯ ವಿಷಯದಲ್ಲಿ ಈ ಭಾಷೆಗಳು ಒಂದೇ ಮನೆಯವು. ಕನ್ನಡದಲ್ಲಿ ‘ಮನಿಗೆ ಬಂದು ಉಂಡ’, ತೆಲುಗಿನಲ್ಲಿ ‘ಇಂಟಿಕಿ ವಚ್ಚಿ ತಿನ್ನಾಡು’, ದಖನಿಯಲ್ಲಿ ‘ಘರ್ ಕೂ ಆಕೆ ಖಾಯಾ’. ‘ಬಂದು’, ‘ವಚ್ಚಿ’, ‘ಆಕೆ’ ಮೂರೂ ಒಂದೇ ಕೆಲಸ ಮಾಡುತ್ತವೆ. ಕಾಲಿನ್ ಮ್ಯಾಸಿಕಾ 1976ರಲ್ಲಿ ಭಾರತದ ಭಾಷೆಗಳನ್ನು ಒಂದು ಭಾಷಾವಲಯವೆಂದು ಗುರುತಿಸುವಾಗ ಎಣಿಸಿದ ಮುಖ್ಯ ಲಕ್ಷಣಗಳಲ್ಲಿ ಈ ಕೃದಂತ ಜೋಡಣೆಯೂ ಒಂದು. ಇಂಡೋ-ಆರ್ಯ ನುಡಿಯಾದ ಲಂಬಾಣಿಯೂ ಈ ವಲಯದ ಹೊರಗಿಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ತಲೆಮಾರುಗಳ ಒಡನಾಟದಲ್ಲಿ ಪದಗಳನ್ನು ಬೇರೆ ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಒಂದಾಗಿವೆ ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದರು. ರಾಯಚೂರು ಕುಪವಾಡವಲ್ಲ, ಆದರೆ ದಖನಿಯ ಮೇಲೆ ಇಂಥದೇ ಒಡನಾಟದ ಗುರುತುಗಳು ಎದ್ದು ಕಾಣುತ್ತವೆ. ಕನ್ನಡದ ಮಗು ‘ಜ್ವರ ಬಂತಂತ ಬರ್ಲಿಲ್ಲ’ ಎನ್ನುತ್ತದೆ. ತೆಲುಗಿನ ಮಗು ‘ಜ್ವರಂ ವಚ್ಚಿಂದನಿ ರಾಲೇದು’ ಎನ್ನುತ್ತದೆ. ದಖನಿಯ ಮಗು ‘ಬುಖಾರ್ ಆಯಾ ಬೋಲ್ಕೆ ನೈಂ ಆಯಾ’ ಎನ್ನುತ್ತದೆ. ‘ಅಂತ’, ‘ಅನಿ’, ‘ಬೋಲ್ಕೆ’ ಮೂರಕ್ಕೂ ಮೂಲ ಅರ್ಥ ‘ಎಂದು’. ಮೂರೂ ಇಲ್ಲಿ ಕಾರಣ ಹೇಳುತ್ತಿವೆ. ದಖನಿಯ ‘ಬೋಲ್ಕೆ’ ದ್ರಾವಿಡ ನುಡಿಗಳ ಸಹವಾಸದಿಂದ ಬಂದ ಬಳಕೆ. ಹೀಗಾಗಿ ಕನ್ನಡದಲ್ಲಿ ಕೊಟ್ಟ ವಿವರಣೆ ಉಳಿದ ಮಕ್ಕಳಿಗೆ ಪರಕೀಯವಾಗುವುದಿಲ್ಲ. ‘ನಿಮ್ಮ ಮನ್ಯಾಗ ಇದನ್ನ ಹೆಂಗ ಅಂತೀರಿ?’ ಎಂದು ಮಕ್ಕಳನ್ನೇ ಕೇಳಿ, ಬಂದ ಉತ್ತರಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ಸಾಕು. ಶಿಕ್ಷಕಿಗೆ ಎಲ್ಲ ಭಾಷೆಗಳೂ ಬರಬೇಕಿಲ್ಲ.

ಕಾರಣ ಹೇಳುವ ‘ಬಿಕಾಸ್’ನಲ್ಲಿ ಈ ಸಾಮ್ಯ ಇನ್ನೂ ನಿಚ್ಚಳ. ಕನ್ನಡದ ‘ಯಾಕಂದ್ರ’ ಬಿಡಿಸಿದರೆ ‘ಯಾಕೆ ಎಂದರೆ’. ತೆಲುಗಿನ ‘ಎಂದುಕಂಟೆ’ಯೂ ತದ್ವತ್ ಅದೇ. ಉರ್ದುವಿನ ‘ಕ್ಯೋಂಕಿ’ಯ ಹೊಟ್ಟೆಯಲ್ಲೂ ‘ಕ್ಯೋಂ’ ಇದೆ. ಮೂರು ಭಾಷೆಗಳಲ್ಲೂ ಕಾರಣ ಹೇಳುವವರು ಮೊದಲು ‘ಯಾಕೆ’ ಎಂದು ತಾವೇ ಕೇಳಿಕೊಂಡು ಆಮೇಲೆ ಉತ್ತರ ಕೊಡುತ್ತಾರೆ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಆಗಾಗ ಕೇಳಿಬರುವ ‘ವೈ ಬಿಕಾಸ್’ ಎಂಬ ಜೋಡಿ ಹುಟ್ಟಿದ್ದು ಇಲ್ಲಿಂದಲೇ. ದೊಡ್ಡವರ ಭಾಷಣದಲ್ಲೂ ಅದು ನುಸುಳುತ್ತದೆ. ಮಗುವಿಗೆ ‘ಹಾಗೆ ಹೇಳಬೇಡ’ ಎಂದರೆ ಅದು ಹೇಳುವುದನ್ನು ನಿಲ್ಲಿಸೀತು, ಏಕೆ ತಪ್ಪು ಎಂದು ತಿಳಿಯದು. ‘ಯಾಕಂದ್ರದಾಗಿನ ಯಾಕೆ ಇಂಗ್ಲಿಷಿನ ಬಿಕಾಸ್‌ನಾಗ ಆಗ್ಲೇ ಕೂತದ, ಮತ್ತೊಮ್ಮೆ ಹೇಳೋದು ಬ್ಯಾಡ’ ಎಂದರೆ ತಿಳಿಯುತ್ತದೆ. ‘ಯಾಕಂದ್ರ... ಅದಕ್ಕ...’ ಎಂದು ಎರಡು ಕಡೆ ಗುರುತು ಹಾಕುವ ರೂಢಿಯಿಂದ ‘ಬಿಕಾಸ್ ಇಟ್ ರೇನ್ಡ್, ಸೋ ವಿ ಡಿಡ್ ನಾಟ್ ಗೋ’ ಎಂಬ ವಾಕ್ಯವೂ ಹುಟ್ಟುತ್ತದೆ. ಒಂದು ಜೋಡಣೆಗೆ ಒಂದೇ ಕೊಂಡಿ ಎಂಬ ಇಂಗ್ಲಿಷಿನ ಜಿಪುಣತನವನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಲೇಬೇಕು.

ಕಲಿಸುವ ಕ್ರಮದ ಬಗ್ಗೆಯೂ ಇಲ್ಲೊಂದು ನಿಲುವು ತಾಳಬೇಕಾಗುತ್ತದೆ. ‘ಬಿಕಾಸ್’ ಮೊದಲೋ, ‘ಸೋ’ ಮೊದಲೋ? ಎರಡೂ ಅದೇ ಕಾರಣ ಮತ್ತು ಫಲವನ್ನೇ ಜೋಡಿಸುತ್ತವೆ, ದಿಕ್ಕು ಮಾತ್ರ ತಿರುವುಮುರುವು. ‘ಜ್ವರ ಬಂದಿತ್ತು, ಅದಕ್ಕ ಬರ್ಲಿಲ್ಲ’ ಎಂದು ಕಾರಣವನ್ನು ಮುಂದಿಟ್ಟು ಫಲವನ್ನು ಹಿಂದಿಡುವುದು ಕನ್ನಡದ ಜಾಯಮಾನ. ‘ಜ್ವರ ಬಂದದ್ದರಿಂದ’, ‘ಜ್ವರ ಬಂತಂತ’ ಎಲ್ಲವೂ ಈ ದಿಕ್ಕಿನವೇ. ‘ಸೋ’ ಈ ದಿಕ್ಕಿಗೆ ಸರಿಯಾಗಿ ಕೂರುತ್ತದೆ. ‘ಬಿಕಾಸ್’ ಸಾಮಾನ್ಯವಾಗಿ ಫಲವನ್ನು ಮುಂದಿಟ್ಟು ಕಾರಣವನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಈ ಸೀಮೆಯ ಮಕ್ಕಳಿಗೆ ‘ಸೋ’ ಮೊದಲು ಬರುವುದು ಲೇಸು. ಇದಕ್ಕೆ ಎದುರಾಗಿ, ಇಂಗ್ಲಿಷ್ ಮಾತೃಭಾಷೆಯ ಮಕ್ಕಳಲ್ಲಿ ಕಂಡ ಕ್ರಮವನ್ನು ಮುಂದಿಡಬಹುದು. ಲೋಯಿಸ್ ಬ್ಲೂಮ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರಿಂದ ಮೂರು ವರ್ಷದ ನಾಲ್ಕು ಮಕ್ಕಳ ಮಾತನ್ನು ದಾಖಲಿಸಿದ್ದರು. ಅಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು ‘ಆ್ಯಂಡ್’, ಮತ್ತು ‘ಬಿಕಾಸ್’ ‘ಸೋ’ಗಾಗಿ ಕಾಯಲಿಲ್ಲ. ಆದರೆ ಆ ಮಕ್ಕಳಿಗೆ ದಾರಿಯಲ್ಲಿ ಇನ್ನೊಂದು ಭಾಷೆಯ ದಿಕ್ಕು ಅಡ್ಡ ನಿಂತಿರಲಿಲ್ಲ. ರಾಯಚೂರಿನ ಮಗು ಕಾರಣವೆಂದರೇನೆಂದು ಕಲಿಯಬೇಕಿಲ್ಲ, ಅದು ಆಗಲೇ ಬಂದಿದೆ. ಬೇಕಿರುವುದು ದಿಕ್ಕು ತಿರುಗಿಸುವ ಅಭ್ಯಾಸ. ‘ಸೋ’ ಗಟ್ಟಿಯಾದ ಮೇಲೆ ಅದೇ ಎರಡು ವಾಕ್ಯಗಳನ್ನು ಹಿಂದುಮುಂದು ಮಾಡಿಸಿದರೆ ‘ಬಿಕಾಸ್’ ತಾನಾಗಿ ಒದಗುತ್ತದೆ. ಹಾಗೆ ಮಾಡುವಾಗ ‘ಯಾಕಂದ್ರ’ ನೆರವಿಗಿದೆ: ‘ನಾ ಬರ್ಲಿಲ್ಲ, ಯಾಕಂದ್ರ ಜ್ವರ ಬಂದಿತ್ತು’ ಎಂದು ಮಗು ಹೇಳಬಲ್ಲದು.

ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಕಾರಣದ ಜೋಡಣೆಯೇ ಭಾರ, ಅವರು ಘಟನೆಗಳನ್ನು ಪಕ್ಕಪಕ್ಕ ಇಡುತ್ತಾರೆ ಅಷ್ಟೆ ಎಂಬ ಹಳೆಯ ಆಕ್ಷೇಪವೂ ಇದೆ. ಇದರ ಮೂಲ ಜ್ಯಾಂ ಪಿಯಾಜೆ 1924ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಅಧ್ಯಯನ. ಅರ್ಧಕ್ಕೆ ನಿಲ್ಲಿಸಿದ ವಾಕ್ಯಗಳನ್ನು ಪೂರ್ತಿ ಮಾಡಲು ಕೊಟ್ಟಾಗ ಸಣ್ಣ ಮಕ್ಕಳು ಕಾರಣ ಮತ್ತು ಫಲವನ್ನು ತಿರುವುಮುರುವು ಮಾಡಿದ್ದನ್ನು ಅವರು ಕಂಡರು. ಈ ಮಾತನ್ನು ತಳ್ಳಿಹಾಕುವಂತಿಲ್ಲ, ಪೂರ್ತಿ ಒಪ್ಪುವಂತೆಯೂ ಇಲ್ಲ. ಅರೆವಾಕ್ಯ ಪೂರ್ತಿ ಮಾಡುವುದು ಮಗುವಿನ ಮಾತಲ್ಲ, ಬೇರೆಯವರ ಮಾತು. ತನ್ನ ಮನಸ್ಸಿನ, ತನ್ನ ಕೆಲಸದ ಕಾರಣ ಹೇಳುವಾಗ ನಾಲ್ಕು ವರ್ಷದ ಮಗುವೂ ದಾರಿ ತಪ್ಪುವುದಿಲ್ಲ ಎಂದು ಆನಂತರದ ಸಂಶೋಧನೆಗಳು ತೋರಿಸಿವೆ. ಹಾಗಾಗಿ ಆಯ್ಕೆ ಸ್ಪಷ್ಟ: ಮೊದಲ ಪಾಠಗಳಲ್ಲಿ ಕಾರಣಗಳು ಮಗುವಿನವೇ ಆಗಿರಲಿ. ‘ನೀ ಯಾಕ ಅತ್ತಿ?’, ‘ಯಾಕ ಓಡಿದಿ?’ ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ‘ಬಿಕಾಸ್’ ಬರಲಿ. ಮೋಡ ಏಕೆ ಮಳೆ ಸುರಿಸುತ್ತದೆ ಎಂಬಂಥವು ಆಮೇಲೆ ಬಂದರೆ ಸಾಕು. ಪಿಯಾಜೆಯ ಎಚ್ಚರಿಕೆ ಅರೆವಾಕ್ಯದ ಅಭ್ಯಾಸಗಳಿಗೇ ಹೆಚ್ಚು ತಗಲುತ್ತದೆ ಎಂಬುದನ್ನೂ ಗಮನಿಸಬೇಕು.

‘ಬಟ್’ ಸುಲಭ. ಭಾಷೆಗಳು ಒಂದರಿಂದೊಂದು ಜೋಡುಪದಗಳನ್ನು ಸಾಲ ಪಡೆಯುವಾಗ ‘ಆದರೆ’ ಮೊದಲು ಹೋಗುತ್ತದೆ, ‘ಅಥವಾ’ ಅದರ ಹಿಂದೆ, ‘ಮತ್ತು’ ಕೊನೆಗೆ ಎಂದು ಯಾರಾನ್ ಮಾತ್ರಾಸ್ 1998ರಲ್ಲಿ ಹಲವು ಭಾಷೆಗಳನ್ನು ನೋಡಿ ಹೇಳಿದರು. ರಾಯಚೂರಿನ ಉರ್ದುವೇ ಇದಕ್ಕೆ ಸಾಕ್ಷಿ: ‘ಲೇಕಿನ್’, ‘ಮಗರ್’, ‘ಯಾ’ ಪಾರಸಿಯ ದಾರಿಯಿಂದ ಬಂದವು, ‘ಔರ್’ ಮಾತ್ರ ಈ ನೆಲದ್ದು. ಕನ್ನಡ ‘ಅಥವಾ’ವನ್ನು ಸಂಸ್ಕೃತದಿಂದ ಪಡೆದು, ‘ಮತ್ತು’ವಿನ ಕೆಲಸ ಮಾಡುವ ‘ಊ’ ಪ್ರತ್ಯಯವನ್ನು ತನ್ನದಾಗಿಯೇ ಉಳಿಸಿಕೊಂಡಿತು. ಈಗ ನಗರದ ಕನ್ನಡ ಮಾತಿನ ನಡುನಡುವೆ ‘ಬಟ್’, ‘ಸೋ’ ಧಾರಾಳವಾಗಿ ಬರುತ್ತಿವೆ. ಮಗು ಅವನ್ನು ಪಠ್ಯಪುಸ್ತಕಕ್ಕಿಂತ ಮೊದಲು ಮೊಬೈಲಿನಲ್ಲೋ ಟಿವಿಯಲ್ಲೋ ಕೇಳಿರುತ್ತದೆ. ಕನ್ನಡದ ಶುದ್ಧಿಯ ಬಗ್ಗೆ ಕಳಕಳಿಯುಳ್ಳವರಿಗೆ ಇದು ಬೇಸರ ತರಬಹುದು. ಇಂಗ್ಲಿಷ್ ತರಗತಿಗೆ ಇದು ಸಿಕ್ಕ ಬಂಡವಾಳ. ‘ಆರ್’ ಕುರಿತು ಹೇಳುವುದು ಕಡಿಮೆ: ‘ಚಾ ಬೇಕೋ, ಹಾಲ್ ಬೇಕೋ’ ಎಂದು ಎರಡೂ ಕಡೆ ‘ಓ’ ಹಚ್ಚುವ ಕನ್ನಡಕ್ಕೆ ಎದುರಾಗಿ ಇಂಗ್ಲಿಷ್ ನಡುವೆ ಒಂದೇ ಪದವಿಡುತ್ತದೆ ಎಂದು ತೋರಿಸಿದರೆ ಆಯಿತು. ‘ಅಕ್ಕನೂ ತಮ್ಮನೂ’ ಎಂಬಲ್ಲಿನ ಎರಡು ‘ಊ’ಗಳಿಗೆ ಒಂದು ‘ಆ್ಯಂಡ್’ ಎಂಬುದೂ ಇದೇ ಲೆಕ್ಕ.

ಅತಿ ಬಲವಾದ ಆಕ್ಷೇಪ ಬೇರೆಯದು. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ವಾರಕ್ಕೆ ಸಿಗುವ ಕೆಲವೇ ಅವಧಿಗಳನ್ನು ಕನ್ನಡಕ್ಕೆ ಕೊಟ್ಟರೆ ಮಗುವಿನ ಕಿವಿಗೆ ಇಂಗ್ಲಿಷ್ ಬೀಳುವುದು ಯಾವಾಗ, ಎಂದು ಪಾಲಕರೂ ಅಧಿಕಾರಿಗಳೂ ಕೇಳುತ್ತಾರೆ. ದೇವದುರ್ಗದ ಹಳ್ಳಿಯಲ್ಲಿ ಶಾಲೆಯ ಹೊರಗೆ ಇಂಗ್ಲಿಷ್ ಕೇಳಿಸುವುದಿಲ್ಲ. ಆದ್ದರಿಂದ ಒಳಗೆ ಕೇಳಿಸಲೇಬೇಕು. ಇದು ನ್ಯಾಯವಾದ ಆತಂಕ. ಆದರೆ ಇಲ್ಲಿ ಬೇಡುತ್ತಿರುವುದು ಇಡೀ ಅವಧಿಯ ಕನ್ನಡವಲ್ಲ, ಐದು ನಿಮಿಷದ ಬಿಡಿಸಿ ಹೇಳಿಕೆ. ಆಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಲಿ. ಒಂದು ಭಾಷೆಯಲ್ಲಿ ಗಟ್ಟಿಯಾದ ಗ್ರಹಿಕೆ ಇನ್ನೊಂದಕ್ಕೆ ದಾಟುತ್ತದೆ ಎಂದು ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಿಚಾರಕ್ಕೆ ಆನಂತರ ಬೇಕಾದಷ್ಟು ಬೆಂಬಲ ಸಿಕ್ಕಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷೆಗಳನ್ನು ಸಂಪನ್ಮೂಲವೆಂದೇ ಕರೆಯಿತು. ಮಾತು ಬೇಡುವ ಚಟುವಟಿಕೆ ಹೇಗಿರಬೇಕೆಂಬುದಕ್ಕೂ ಹೊರಗೆ ಹುಡುಕಬೇಕಿಲ್ಲ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆ ನಡೆಸಿದ ಪ್ರಯೋಗ ಜಗತ್ತಿನ ಇಂಗ್ಲಿಷ್ ಬೋಧನೆಯಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಯಿತು. ಅದರಲ್ಲಿ ಮಕ್ಕಳು ವ್ಯಾಕರಣ ಕಲಿಯಲಿಲ್ಲ. ನಕ್ಷೆ, ವೇಳಾಪಟ್ಟಿಗಳನ್ನು ನೋಡಿ ತರ್ಕಿಸಿ ಉತ್ತರ ಕಂಡುಕೊಂಡರು. ಮಾನ್ವಿಯಿಂದ ರಾಯಚೂರಿಗೆ ಹೋಗುವ ಬಸ್ಸುಗಳ ಸಮಯವನ್ನು ಹಲಗೆಯ ಮೇಲೆ ಬರೆದು, ಹತ್ತು ಗಂಟೆಗೆ ಆಸ್ಪತ್ರೆ ಮುಟ್ಟಬೇಕಾದ ಅಜ್ಜಿ ಯಾವ ಬಸ್ ಹತ್ತಬೇಕು ಎಂದು ಕೇಳಿದರೆ ‘ಸೋ’, ‘ಬಟ್’, ‘ಬಿಕಾಸ್’ ಮೂರೂ ತಾವಾಗಿಯೇ ಬೇಕಾಗುತ್ತವೆ. ಪ್ರಭು ಅವರ ಬಗೆ ಒಂದೇ ಸಾಕೆಂದು ಹೇಳಲಾಗದು. ‘ಕಮ್ ಆ್ಯಂಡ್ ಏಟ್’ನಂಥ, ಅರ್ಥಕ್ಕೆ ಅಡ್ಡಿಯಾಗದ ತಪ್ಪುಗಳು ಅರ್ಥದ ಮೇಲಷ್ಟೇ ಗಮನವಿಟ್ಟರೆ ಹಾಗೇ ಉಳಿದುಬಿಡುತ್ತವೆ. ಬಿಡಿಸಿ ಹೇಳುವುದೂ ಬೇಕು, ಬಳಸುವ ಸಂದರ್ಭವೂ ಬೇಕು.

ಬರವಣಿಗೆಯ ಮಟ್ಟಿಗೆ ಸಂಶೋಧನೆಯ ತಕ್ಕಡಿ ಒಂದು ಕಡೆ ವಾಲಿದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ 4ರಿಂದ 12ನೇ ತರಗತಿಯ ಬರವಣಿಗೆ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಿಡಿ ವಾಕ್ಯಗಳನ್ನು ಕೂಡಿಸಿ ಬರೆಯುವ ಅಭ್ಯಾಸದ ಪರಿಣಾಮದ ಗಾತ್ರ (ಎಫೆಕ್ಟ್ ಸೈಜ್) 0.50 ಇತ್ತು, ವ್ಯಾಕರಣದ ನಿಯಮಗಳನ್ನು ಪ್ರತ್ಯೇಕವಾಗಿ ಕಲಿಸಿದ್ದರ ಪರಿಣಾಮ ಸೊನ್ನೆಗಿಂತ ಕೆಳಗೆ, −0.32. ಆ ಮಕ್ಕಳಲ್ಲಿ ಹೆಚ್ಚಿನವರ ಶಾಲಾಭಾಷೆ ಇಂಗ್ಲಿಷೇ ಆಗಿತ್ತು. ಆದ್ದರಿಂದ ಅಂಕಿಯನ್ನು ಹಾಗೇ ತಂದು ದೇವದುರ್ಗಕ್ಕೆ ಅಂಟಿಸುವುದು ತಪ್ಪು. ಆದರೆ ಕೂಡಿಸುವುದನ್ನು ಕೂಡಿಸಿಯೇ ಕಲಿಯಬೇಕು, ‘ಕಂಜಂಕ್ಷನ್’ನ ವ್ಯಾಖ್ಯೆ ಬರೆಸಿ ಕಲಿಸಲಾಗದು ಎಂಬ ಮಾತಿಗೆ ಭಾಷೆಯ ಗಡಿಯಿಲ್ಲ. ಪರೀಕ್ಷೆಯ ಮಾತೂ ಇಲ್ಲೇ ಬರುತ್ತದೆ. ಬಿಟ್ಟ ಸ್ಥಳದ ಪ್ರಶ್ನೆ ಬರುವುದರಿಂದ ಅದನ್ನೇ ಅಭ್ಯಾಸ ಮಾಡಿಸಬೇಕಾಗುತ್ತದೆ ಎನ್ನುವ ಶಿಕ್ಷಕರ ಅಳಲು ನಿಜ. ಕೂಡಿಸಲು ಕಲಿತ ಮಗು ಬಿಟ್ಟ ಸ್ಥಳವನ್ನು ತುಂಬಬಲ್ಲದು. ಬಿಟ್ಟ ಸ್ಥಳವನ್ನಷ್ಟೇ ತುಂಬಿ ಬೆಳೆದ ಮಗು ತನ್ನದೇ ಎರಡು ವಾಕ್ಯ ಕೂಡಿಸಲಾರದು. ಅದೇ ಪ್ರಶ್ನೆಯ ಕೆಳಗೆ ‘ಈ ಪದ ಯಾಕ ಹಾಕಿದಿ?’ ಎಂದು ಕೇಳಿ ಮಗು ಮನೆಮಾತಿನಲ್ಲಿ ಉತ್ತರಿಸಲು ಬಿಟ್ಟರೂ ಅರ್ಧ ಕೆಲಸ ಆದಂತೆ. ಯರಮರಸ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ತರಬೇತಿಗಳಲ್ಲಿ, 1963ರಿಂದ ಇರುವ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ಈ ಸೀಮೆಯ ಮೂರು ಭಾಷೆಗಳ ಜೋಡಣೆಯನ್ನು ಇಂಗ್ಲಿಷಿನ ಜೊತೆ ಹೋಲಿಸಿ ನೋಡುವ ಒಂದು ದಿನದ ಪಾಠ ಸೇರಿದರೆ ಖರ್ಚು ಕಡಿಮೆ, ಫಲ ದೊಡ್ಡದು.

ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿ ಖಾಲಿಯಾಗುವುದು, ಗುಳೆ ಹೋದ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಬಾರದಿರುವುದು ಈ ಭಾಗದ ಕಟು ವಾಸ್ತವ. ಪುಟದಿಂದ ಪುಟಕ್ಕೆ ಸಾಗುವ ಪಾಠಕ್ರಮ ಇಂಥ ಮಕ್ಕಳನ್ನು ಕೈಬಿಡುತ್ತದೆ. ಜೋಡಣೆಯ ಅಭ್ಯಾಸಕ್ಕೆ ಆ ತೊಂದರೆ ಕಡಿಮೆ, ಏಕೆಂದರೆ ಅದಕ್ಕೆ ಹಿಂದಿನ ಪಾಠ ಬೇಕಿಲ್ಲ. ಬೆಂಗಳೂರಿನ ಕಟ್ಟಡ ಕೆಲಸದ ಜಾಗದಿಂದ ಮರಳಿದ ಮಗುವಿನ ಹತ್ತಿರ ಹೇಳಲು ಸಂಗತಿಗಳಿವೆ. ಅವನ್ನು ಅದು ಕನ್ನಡದಲ್ಲಿ ಹೇಳಲಿ, ಶಿಕ್ಷಕಿ ಅದರಿಂದ ಎರಡೆರಡು ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಆರಿಸಿ ಹಲಗೆಯ ಮೇಲೆ ಬರೆಯಲಿ, ಇಡೀ ತರಗತಿ ಸೇರಿ ಅವನ್ನು ಜೋಡಿಸಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯ ತರಗತಿಗಳು ಬೇರೆ ಬೇರೆ ಹಂತದ ಮಕ್ಕಳನ್ನು ಒಟ್ಟಿಗೆ ಕೂರಿಸುವುದನ್ನು ಆಗಲೇ ರೂಢಿ ಮಾಡಿವೆ. ಪದಗಳಷ್ಟೇ ಬರುವ ಮಗುವೂ ವಾಕ್ಯ ಬರೆಯಬಲ್ಲ ಮಗುವೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ಪದಸಂಪತ್ತು ಸಾಲದು, ಜೋಡಣೆ ಆಮೇಲೆ ನೋಡೋಣ ಎಂಬ ಮಾತಿಗೂ ಇದರಲ್ಲೇ ಉತ್ತರವಿದೆ. ನಾಲ್ಕು ವಾಕ್ಯಗಳಷ್ಟು ಇಂಗ್ಲಿಷ್ ಬಂದರೆ ಎರಡು ಜೋಡಣೆಗಳಿಗೆ ಸಾಕು.

ಜೋಡಿಸಲು ಕಲಿತ ಮಗು ಕೆಲವು ತಿಂಗಳು ಎಲ್ಲವನ್ನೂ ಜೋಡಿಸುತ್ತದೆ. ಹೋದೆ ‘ಆ್ಯಂಡ್’ ನೋಡಿದೆ ‘ಆ್ಯಂಡ್’ ತಿಂದೆ ‘ಆ್ಯಂಡ್’ ಮಲಗಿದೆ ಎಂಬಂತೆ ಅರ್ಧ ಪುಟ ಪೂರ್ಣವಿರಾಮವಿಲ್ಲದೆ ಓಡುತ್ತದೆ. ಕೃದಂತಗಳ ಸರಪಳಿಗೆ ಒಗ್ಗಿದ ಕನ್ನಡದ ಮಗುವಿನಲ್ಲಿ ಇದು ಇನ್ನಷ್ಟು ಉದ್ದವಾದರೆ ಅಚ್ಚರಿಯಿಲ್ಲ. ಇದನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಮುನ್ನ ಕೆಲಾಗ್ ಹಂಟ್ 1965ರಲ್ಲಿ ಅಮೆರಿಕದ ಶಾಲಾಮಕ್ಕಳ ಬರಹದಲ್ಲಿ ಕಂಡದ್ದನ್ನು ನೆನೆಯಬೇಕು: ಅಲ್ಲಿಯೂ 4ನೇ ತರಗತಿಯವರು ದೊಡ್ಡ ತರಗತಿಯವರಿಗಿಂತ ಎಷ್ಟೋ ಹೆಚ್ಚಾಗಿ ವಾಕ್ಯಗಳನ್ನು ‘ಆ್ಯಂಡ್’ನಿಂದ ಪೋಣಿಸಿದ್ದರು, ಬೆಳೆದಂತೆ ಅದು ತಾನಾಗಿ ತಗ್ಗಿತು. ಆ ಅರ್ಧ ಪುಟವನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ, ಉಸಿರು ಎಲ್ಲಿ ನಿಂತಿತೋ ಅಲ್ಲಿ ಒಂದು ಚುಕ್ಕಿ ಇಡಿಸಿದರೆ ಸಾಕು. ಉಳಿದ ‘ಆ್ಯಂಡ್’ಗಳಲ್ಲಿ ಯಾವುದು ‘ಸೋ’ ಆಗಬೇಕಿತ್ತು, ಯಾವುದು ‘ಬಟ್’ ಆಗಬೇಕಿತ್ತು ಎಂದು ಕೇಳುವುದು ಮರುದಿನದ ಪಾಠ.